ಆಲ್ಬರ್ಟ್ ಹಿಲ್ ಓಡಿದ ಐದು ದಿನ

(ಬೆಳಗಾವಿಯಲ್ಲಿ ಶಾಲೆ-ಕಾಲೇಜಿನ ಓಟಗಾರರು ಮತ್ತು ಅವರ ಮನೆಯವರ ಮುಂದೆ ಒಂದು ಭಾನುವಾರ ಬೆಳಿಗ್ಗೆ ಆಡಿದ ಮಾತುಗಳಿವು. ಬರೆದು ಕೊಡಿ ಎಂದು ಕೆಲವರು ಕೇಳಿದರು. ಅಂದು ಹೇಳಿದ ಹಾಗೇ ಬರೆಯಲು ನೋಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಮೊದಲು ಒಂದು ಲೆಕ್ಕ ಮಾಡೋಣ. ನಿಮ್ಮಲ್ಲಿ 100 ಮೀಟರ್ ಓಟವನ್ನು 14 ಸೆಕೆಂಡಿನಲ್ಲಿ ಮುಗಿಸುವವರು ಎಷ್ಟು ಜನ? ಕೈ ಎತ್ತಿ ನೋಡೋಣ. ಹುಡುಗರಲ್ಲಿ ಹೆಚ್ಚು ಕಡಿಮೆ ಎಲ್ಲರೂ ಎತ್ತಿದ್ದೀರಿ. ಹುಡುಗಿಯರಲ್ಲೂ ಕೆಲವರು ಇದ್ದೀರಿ. ಒಳ್ಳೆಯದು. ಈಗ ಅದೇ ವೇಗದಲ್ಲಿ, ನಡುವೆ ಎಲ್ಲೂ ನಿಲ್ಲದೆ, ಎಂಟು ಸಲ ಓಡಬೇಕು. ಯಾರು ಓಡುತ್ತೀರಿ?

ಕೈಗಳೆಲ್ಲ ಕೆಳಗೆ ಇಳಿದವು. 800 ಮೀಟರ್ ಅಂದರೆ ಇದೇ.

1920ರ ಆಗಸ್ಟ್ 17ರಂದು ಬೆಲ್ಜಿಯಂ ದೇಶದ ಆಂಟ್ವರ್ಪ್ ಊರಿನಲ್ಲಿ ಆಲ್ಬರ್ಟ್ ಹಿಲ್ ಎಂಬ ಇಂಗ್ಲೆಂಡಿನ ಓಟಗಾರ 800 ಮೀಟರನ್ನು 1 ನಿಮಿಷ 53.4 ಸೆಕೆಂಡಿನಲ್ಲಿ ಓಡಿ ಒಲಿಂಪಿಕ್ ಚಿನ್ನ ಗೆದ್ದರು. ಅಂದರೆ ಪ್ರತಿ 100 ಮೀಟರಿಗೆ 14 ಸೆಕೆಂಡು ಮತ್ತು ಒಂದು ಚೂರು. ಎರಡು ದಿನ ಬಿಟ್ಟು, 19ನೇ ತಾರೀಕು, 1500 ಮೀಟರಿನಲ್ಲೂ ಚಿನ್ನ. ಆಗ ಅವರಿಗೆ 31 ವರ್ಷ. ಅದಕ್ಕೆ ಮುಂಚಿನ ಆರು ವರ್ಷಗಳಲ್ಲಿ ಹೆಚ್ಚಿನ ಪಾಲು ಯುದ್ಧದಲ್ಲೇ ಹೋಗಿತ್ತು.

ನಾನು ಇವತ್ತು ಹಿಲ್ ಬಗ್ಗೆ ಮಾತಾಡೋಣ ಅಂದುಕೊಂಡಿದ್ದು ಆ ಎರಡು ಪದಕಗಳಿಗಾಗಿ ಅಲ್ಲ. ಪದಕ ಗೆದ್ದವರು ಬೇಕಾದಷ್ಟು ಜನ ಇದ್ದಾರೆ. ನನ್ನ ಮನಸ್ಸು ಸಿಕ್ಕಿಹಾಕಿಕೊಂಡಿರುವುದು ಅವರ ಜೀವನದ ನಡುವಿನ ಆ ಖಾಲಿ ಜಾಗದಲ್ಲಿ. 25ರಿಂದ 30 ವರ್ಷ, ಓಟಗಾರನ ಕಾಲು ಅತ್ಯಂತ ಚೆನ್ನಾಗಿರುವ ಕಾಲ. ಅದು ಪೂರ್ತಿ ಕೈಬಿಟ್ಟು ಹೋದ ಮೇಲೂ ಮತ್ತೆ ಮೈದಾನಕ್ಕೆ ಬಂದು ಶುರು ಮಾಡಿದರಲ್ಲ, ಅದು ಹೇಗೆ? ನನ್ನ ಮಾತೆಲ್ಲ ಈ ಒಂದು ಪ್ರಶ್ನೆಯ ಸುತ್ತ.

ಹಿಲ್ ಹುಟ್ಟಿದ್ದು 1889ರ ಮಾರ್ಚ್ 24ರಂದು, ಲಂಡನ್ನಿನ ಟೂಟಿಂಗ್ ಎಂಬಲ್ಲಿ. ಸಾಧಾರಣ ಮನೆತನ. ರೈಲ್ವೆಯಲ್ಲಿ ದುಡಿದು ಬದುಕಿದವರು. ಆಗಿನ ಇಂಗ್ಲೆಂಡಿನಲ್ಲಿ ಓಟ ಅಂದರೆ ಜಾಸ್ತಿ ಹೆಸರು ಕೇಳಿಬರುತ್ತಿದ್ದದ್ದು ಆಕ್ಸ್‌ಫರ್ಡ್, ಕೇಂಬ್ರಿಜ್ ಹುಡುಗರದ್ದು. ಅವರಿಗೆ ಸಮಯ ಇತ್ತು, ಒಳ್ಳೆಯ ಟ್ರ್ಯಾಕ್ ಇತ್ತು, ಊಟಕ್ಕೆ ಚಿಂತೆ ಇರಲಿಲ್ಲ. ಹಿಲ್ ಅಂಥವರ ಸಾಲಿನವರಲ್ಲ. ಕೆಲಸ ಮುಗಿಸಿ ಕ್ಲಬ್ಬಿಗೆ ಹೋಗಿ ಓಡಬೇಕಿತ್ತು. ನಿಮ್ಮಲ್ಲೂ ಡ್ಯೂಟಿ ಮುಗಿಸಿ ಸಂಜೆ ಗ್ರೌಂಡಿಗೆ ಬರುವವರು ಇದ್ದೀರಿ. ಆ ಆಯಾಸ ಏನು ಅಂತ ನಿಮಗೆ ನಾನು ಹೇಳಬೇಕಾಗಿಲ್ಲ.

ಅವರು ಮೊದಲು ಗೆದ್ದದ್ದು ದೂರದ ಓಟದಲ್ಲಿ. 1910ರಲ್ಲಿ, 21ನೇ ವಯಸ್ಸಿನಲ್ಲಿ, ಇಂಗ್ಲೆಂಡಿನ ಎಎಎ ಚಾಂಪಿಯನ್‌ಶಿಪ್‌ನ 4 ಮೈಲಿ ಓಟ ಗೆದ್ದರು. ಆಗಿನ ಕಾಲಕ್ಕೆ ಎಎಎ ಕೂಟ ಅಂದರೆ ನಮ್ಮ ರಾಷ್ಟ್ರೀಯ ಕೂಟ ಇದ್ದ ಹಾಗೆ. ಹೊರದೇಶದವರೂ ಬಂದು ಓಡುತ್ತಿದ್ದರು. 4 ಮೈಲಿ ಅಂದರೆ ಆರೂವರೆ ಕಿಲೋಮೀಟರಿನ ಹತ್ತಿರ. ಆ ಓಟ ಗೆದ್ದವರು ಆಮೇಲೆ 5 ಸಾವಿರ, 10 ಸಾವಿರ ಮೀಟರ್ ಕಡೆ ಹೋಗುವುದು ವಾಡಿಕೆ. ಹಿಲ್ ಉಲ್ಟಾ ದಾರಿ ಹಿಡಿದರು. 4 ಮೈಲಿಯಿಂದ 1 ಮೈಲಿಗೆ, ಅಲ್ಲಿಂದ ಅರ್ಧ ಮೈಲಿಗೆ ಇಳಿದರು. ದಮ್ಮು ಮೊದಲು ಕಟ್ಟಿಕೊಂಡರು, ವೇಗ ಆಮೇಲೆ ಬಂತು.

ಇಲ್ಲಿರುವ ಕೋಚ್‌ಗಳು ಇದನ್ನು ಗಮನಿಸಬೇಕು. ಹತ್ತನೇ ಕ್ಲಾಸಿನ ಹುಡುಗನನ್ನು ಬರೀ ಸ್ಪ್ರಿಂಟ್ ಮಾಡಿಸಿ 800ಕ್ಕೆ ತಂದರೆ ಅವನಿಗೆ 500 ಮೀಟರಿನವರೆಗೆ ಮಾತ್ರ ಉಸಿರು ಇರುತ್ತದೆ. ನಾನು ಇದನ್ನು ಸ್ವಂತ ಅನುಭವದಿಂದ ಹೇಳುತ್ತಿದ್ದೇನೆ. ಕಾಲೇಜಿನಲ್ಲಿದ್ದಾಗ ಒಂದು ಕೂಟದಲ್ಲಿ ಮೊದಲ ಸುತ್ತನ್ನು ಎಲ್ಲರಿಗಿಂತ ಮುಂದೆ ಓಡಿದೆ. ಗಂಟೆ ಹೊಡೆದಾಗ ಹಿಂದೆ ಯಾರ ಹೆಜ್ಜೆಯೂ ಕೇಳುತ್ತಿರಲಿಲ್ಲ. 600 ಮೀಟರ್ ದಾಟಿ ಕೊನೆಯ ಬೆಂಡಿಗೆ ಬಂದೆ. ತೊಡೆ ಕಲ್ಲಾದವು. ಕುತ್ತಿಗೆ ಬಿಗಿಯಿತು, ಭುಜ ಕಿವಿಯ ಹತ್ತಿರಕ್ಕೆ ಏರಿತು. ಸುಣ್ಣದ ಗೆರೆ ಕಣ್ಣಿಗೆ ಕಾಣುತ್ತಿತ್ತು, ಕಾಲು ಮಾತ್ರ ಅಲ್ಲಿಗೆ ಹೋಗಲು ಒಪ್ಪಲಿಲ್ಲ. ನಾಲ್ಕು ಜನ ಪಕ್ಕದಲ್ಲೇ ಹಾದುಹೋದರು. ತಿಂಗಳ ಸಂಬಳ ಹತ್ತನೇ ತಾರೀಕಿಗೇ ಖಾಲಿಯಾದರೆ ಉಳಿದ ಇಪ್ಪತ್ತು ದಿನ ಹೇಗಿರುತ್ತದೆಯೋ ಆ ಕೊನೆಯ 200 ಮೀಟರ್ ಹಾಗಿತ್ತು. ಹಿಲ್ ಕಥೆ ಓದಿದಾಗ ನನಗೆ ಆ ದಿನವೇ ನೆನಪಾಯಿತು. ಇರುವ ದುಡ್ಡನ್ನು ಕೊನೆಯ ದಿನದವರೆಗೆ ಹೇಗೆ ಹಂಚಬೇಕು ಅನ್ನುವುದು ಅವರಿಗೆ ಚೆನ್ನಾಗಿ ಗೊತ್ತಿತ್ತು.

1914ರ ಜುಲೈನಲ್ಲಿ ಎಎಎ ಕೂಟದ 880 ಗಜದ, ಅಂದರೆ ಅರ್ಧ ಮೈಲಿಯ ಓಟದಲ್ಲಿ ಹಿಲ್ ಎರಡನೆಯವರಾದರು. ಗೆದ್ದವರು ಅಮೆರಿಕದ ಹೋಮರ್ ಬೇಕರ್. ಹಿಲ್‌ಗೆ ಆಗ 25 ವರ್ಷ. ಮುಂದಿನ ಒಲಿಂಪಿಕ್ಸ್ 1916ರಲ್ಲಿ ಬರ್ಲಿನ್‌ನಲ್ಲಿ ನಡೆಯಬೇಕಿತ್ತು. ಲೆಕ್ಕದ ಪ್ರಕಾರ ಅದು ಅವರದೇ ಒಲಿಂಪಿಕ್ಸ್ ಆಗಬೇಕಿತ್ತು. ಒಂದು ತಿಂಗಳು ಕಳೆಯಿತು. ಆಗಸ್ಟ್ 4ಕ್ಕೆ ಬ್ರಿಟನ್ ಯುದ್ಧಕ್ಕೆ ಇಳಿಯಿತು.

ಬರ್ಲಿನ್ ಒಲಿಂಪಿಕ್ಸ್ ನಡೆಯಲಿಲ್ಲ. ಹಿಲ್ ಆಗಿನ ಬ್ರಿಟಿಷ್ ವಾಯುಪಡೆಯಾದ ರಾಯಲ್ ಫ್ಲೈಯಿಂಗ್ ಕಾರ್ಪ್ಸ್ ಸೇರಿ ಫ್ರಾನ್ಸಿನಲ್ಲಿ ವೈರ್‌ಲೆಸ್ ಕೆಲಸ ಮಾಡಿದರು. ಅವರು ಜೀವಂತ ವಾಪಸ್ ಬಂದರು. ಎಷ್ಟೋ ಓಟಗಾರರು ಬರಲಿಲ್ಲ. 1908ರಲ್ಲಿ 400 ಮೀಟರ್ ಚಿನ್ನ ಗೆದ್ದಿದ್ದ ವಿಂಡಮ್ ಹಾಲ್ಸ್‌ವೆಲ್ 1915ರಲ್ಲಿ ಫ್ರಾನ್ಸಿನಲ್ಲಿ ಗುಂಡಿಗೆ ಬಲಿಯಾದರು. 1912ರ 5000 ಮೀಟರಿನಲ್ಲಿ ಕೂದಲೆಳೆಯಷ್ಟರಲ್ಲಿ ಚಿನ್ನ ತಪ್ಪಿಸಿಕೊಂಡಿದ್ದ ಫ್ರಾನ್ಸಿನ ಜಾನ್ ಬುವಾನ್ ಯುದ್ಧ ಶುರುವಾಗಿ ಎರಡು ತಿಂಗಳೂ ಆಗಿರಲಿಲ್ಲ, ಸತ್ತರು. ಜರ್ಮನಿಯ ಹಾನ್ಸ್ ಬ್ರೌನ್ ಕಾಲು ಮೈಲಿ, ಅರ್ಧ ಮೈಲಿ ಎರಡರಲ್ಲೂ ಬಲು ದೊಡ್ಡ ಹೆಸರು. ವಿಮಾನ ಹಾರಿಸುತ್ತಿದ್ದರು. ಯುದ್ಧ ಮುಗಿಯಲು ಒಂದು ತಿಂಗಳು ಬಾಕಿ ಇದ್ದಾಗ ಹೋದರು. 1912ರಲ್ಲಿ 1500 ಮೀಟರ್ ಗೆದ್ದಿದ್ದ ಇಂಗ್ಲೆಂಡಿನ ಆರ್ನಾಲ್ಡ್ ಜ್ಯಾಕ್ಸನ್ ಬದುಕಿ ಉಳಿದರು. ಆದರೆ ಯುದ್ಧದಲ್ಲಿ ಮೂರು ಸಲ ಗಾಯಗೊಂಡಿದ್ದರು, ಕಾಲು ಕುಂಟಾಗಿತ್ತು. ಅವರ ಓಟ ಅಲ್ಲಿಗೆ ನಿಂತುಹೋಯಿತು.

ಈ ಹೆಸರುಗಳನ್ನು ನಾನು ಒಂದೊಂದಾಗಿ ಓದಿದ್ದಕ್ಕೆ ಕಾರಣ ಇದೆ. 1920ರ ದಾಖಲೆಗಳನ್ನು ನೋಡಿ ಕೆಲವರು, ಅಯ್ಯೋ 1912ಕ್ಕಿಂತ ಸಮಯ ಕಡಿಮೆ ಆಗಲೇ ಇಲ್ಲ, ಹಿಂದಕ್ಕೇ ಹೋಗಿದೆ ಅನ್ನುತ್ತಾರೆ. ನಿಜ. 1912ರಲ್ಲಿ ಅಮೆರಿಕದ ಟೆಡ್ ಮೆರೆಡಿತ್ 800 ಮೀಟರನ್ನು 1 ನಿಮಿಷ 51.9 ಸೆಕೆಂಡಿನಲ್ಲಿ ಗೆದ್ದಿದ್ದರು. ಜ್ಯಾಕ್ಸನ್ 1500 ಮೀಟರನ್ನು 3 ನಿಮಿಷ 56.8 ಸೆಕೆಂಡಿನಲ್ಲಿ ಮುಗಿಸಿದ್ದರು. ಎಂಟು ವರ್ಷದ ನಂತರ ಹಿಲ್ ಎರಡರಲ್ಲೂ ಅವರಿಗಿಂತ ನಿಧಾನ. ಆದರೆ ಆ ಎಂಟು ವರ್ಷದಲ್ಲಿ ಏನಾಯಿತು ಅನ್ನುವುದನ್ನು ಬಿಟ್ಟು ಸುಮ್ನೆ ವಾಚ್ ಮಾತ್ರ ನೋಡಿದರೆ ನ್ಯಾಯ ಆಗುವುದಿಲ್ಲ, ಅಲ್ವಾ?

ಈಗ ಈ ಕಥೆಯ ಇನ್ನೊಬ್ಬ ಮನುಷ್ಯನ ಬಗ್ಗೆ ಹೇಳಲೇಬೇಕು. ಸ್ಯಾಮ್ ಮುಸಾಬಿನಿ. ಕೋಚ್. ಅವರು ಹುಟ್ಟಿದ್ದು ಲಂಡನ್ನಿನಲ್ಲೇ, ಆದರೆ ಮನೆತನದ ಬೇರು ಸಿರಿಯಾ, ಟರ್ಕಿ, ಇಟಲಿ, ಫ್ರಾನ್ಸ್ ಎಲ್ಲ ಕಡೆಗೂ ಹೋಗುತ್ತದೆ. ಬಿಲಿಯರ್ಡ್ಸ್ ಆಟದ ಬಗ್ಗೆ ಪತ್ರಿಕೆಗಳಿಗೆ ಬರೆಯುತ್ತಿದ್ದವರು. ಬಿಲಿಯರ್ಡ್ಸ್ ನೋಡುವ ಕಣ್ಣು ಬೇರೆ ಥರದ್ದು. ಚೆಂಡು ಯಾವ ಕೋನದಲ್ಲಿ ತಾಗಿತು, ಎಷ್ಟು ಬಲ ಬಿತ್ತು ಅನ್ನುವುದನ್ನೇ ನೋಡುವ ಕಣ್ಣು. ಆ ಕಣ್ಣನ್ನು ಅವರು ಓಟಕ್ಕೆ ತಿರುಗಿಸಿದರು. ಓಡುವವರ ಫೋಟೊ ತೆಗೆದು ಕೈ ಹೇಗೆ ಬೀಸುತ್ತದೆ, ಹೆಜ್ಜೆ ಎಷ್ಟು ಉದ್ದ ಬೀಳುತ್ತದೆ, ಪಾದ ದೇಹದ ಮುಂದೆ ಬೀಳುತ್ತದೋ ಕೆಳಗೆ ಬೀಳುತ್ತದೋ ಎಂದು ಕೂತು ನೋಡುತ್ತಿದ್ದರು. ಕೈಯಲ್ಲಿ ಸದಾ ಸ್ಟಾಪ್‌ವಾಚ್. ಸುತ್ತಿನಿಂದ ಸುತ್ತಿಗೆ ವೇಗ ಸಮನಾಗಿರಬೇಕು ಅನ್ನುವುದು ಅವರ ಮುಖ್ಯ ಪಾಠ.

ಪಾಲಿಟೆಕ್ನಿಕ್ ಹ್ಯಾರಿಯರ್ಸ್ ಎಂಬ ಲಂಡನ್ ಕ್ಲಬ್ಬು ಅವರಿಗೆ ಸಂಬಳ ಕೊಟ್ಟು ಇಟ್ಟುಕೊಂಡಿತ್ತು. ಹಿಲ್ ಆ ಕ್ಲಬ್ಬಿನ ಓಟಗಾರ. ಈ 'ಸಂಬಳ' ಅನ್ನುವ ಮಾತು ಆಗಿನ ಇಂಗ್ಲೆಂಡಿನ ಕ್ರೀಡಾ ಮುಖಂಡರಿಗೆ ಆಗಿಬರುತ್ತಿರಲಿಲ್ಲ. ಓಟಗಾರ ದುಡ್ಡು ಮುಟ್ಟಬಾರದು. ದುಡ್ಡು ತೆಗೆದುಕೊಂಡು ಹೇಳಿಕೊಡುವವನೂ ದೂರ ಇರಬೇಕು. 1924ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಮುಸಾಬಿನಿಯ ಶಿಷ್ಯ ಹೆರಾಲ್ಡ್ ಅಬ್ರಹಾಮ್ಸ್ 100 ಮೀಟರ್ ಚಿನ್ನ ಗೆದ್ದಾಗಲೂ ಗುರುವಿಗೆ ತಂಡದಲ್ಲಿ ಜಾಗ ಇರಲಿಲ್ಲ. ಕ್ರೀಡಾಂಗಣದ ಹತ್ತಿರದ ಹೋಟೆಲ್ ಕೋಣೆಯಲ್ಲಿ ಕೂತು, ಧ್ವಜ ಮೇಲೇರುವುದನ್ನು ನೋಡಿ ಯಾರು ಗೆದ್ದರು ಅಂತ ತಿಳಿದುಕೊಂಡರು. ಕಲಿಸಿದವನನ್ನೇ ಹೊರಗೆ ನಿಲ್ಲಿಸಿದ ಆ ಕಾಲದ ನಿಯಮ ನನಗೆ ಇವತ್ತಿಗೂ ಸಿಟ್ಟು ತರಿಸುತ್ತದೆ. ನಮ್ಮ ಹಳ್ಳಿ ಶಾಲೆಗಳ ಪಿ.ಟಿ. ಮಾಸ್ತರ್‌ಗಳನ್ನು ನೆನೆದಾಗ ಆ ಸಿಟ್ಟು ಇನ್ನೂ ಜಾಸ್ತಿ ಆಗುತ್ತದೆ. ಪದಕ ಬಂದ ದಿನ ವೇದಿಕೆಯ ಮೇಲೆ ಅವರಿಗೂ ಒಂದು ಕುರ್ಚಿ ಹಾಕಿಸಿ ಅಂತ ಕೇಳಿಕೊಳ್ಳುತ್ತೇನೆ.

ಇರಲಿ, ಹಿಲ್ ಕಥೆಗೆ ಬರೋಣ. 1919ರಲ್ಲಿ ಅವರು ಸೈನ್ಯದಿಂದ ವಾಪಸ್ ಬಂದಾಗ 30 ತುಂಬಿತ್ತು. ಅದೇ ಬೇಸಿಗೆಯಲ್ಲಿ ಎಎಎ ಕೂಟದಲ್ಲಿ 880 ಗಜ, 1 ಮೈಲಿ ಎರಡನ್ನೂ ಗೆದ್ದುಬಿಟ್ಟರು. ಅದೇ ವರ್ಷ ಮೈಲಿಯನ್ನು 4 ನಿಮಿಷ 16.8 ಸೆಕೆಂಡಿನಲ್ಲಿ ಓಡಿ ಜೋ ಬಿಂಕ್ಸ್ ಎಂಬುವರು 1902ರಲ್ಲಿ ಮಾಡಿದ್ದ ಬ್ರಿಟಿಷ್ ದಾಖಲೆಯನ್ನು ಸರಿಗಟ್ಟಿದರು. 17 ವರ್ಷ ಯಾರೂ ಮುಟ್ಟದ ದಾಖಲೆ ಅದು.

ಆಗಿನ ಓಟಗಾರರ ತರಬೇತಿ ಕೇಳಿದರೆ ನಿಮಗೆ ಆಶ್ಚರ್ಯ ಆಗಬಹುದು. ದಿನಕ್ಕೆ ಎರಡು ಸಲ ಗ್ರೌಂಡಿಗೆ ಹೋಗುವ ನಿಮ್ಮ ಹಾಗಲ್ಲ. ವಾರಕ್ಕೆ ಕೆಲವೇ ದಿನ ಓಟ, ಉದ್ದನೆಯ ನಡಿಗೆ, ಮಾಲೀಸು. ಇಷ್ಟರಲ್ಲೇ ಅವರು ಈ ಸಮಯಗಳನ್ನು ತೆಗೆದದ್ದು. ಟ್ರ್ಯಾಕ್ ಕೂಡ ಇವತ್ತಿನ ಕೆಂಪು ರಬ್ಬರ್ ಅಲ್ಲ, ಸಿಂಡರ್. ಸುಟ್ಟ ಕಲ್ಲಿದ್ದಲಿನ ಬೂದಿ-ಹರಳನ್ನು ಹಾಸಿ ಉರುಳು ಹೊಡೆಸಿದ ನೆಲ. ಒಣಗಿದ್ದರೆ ಪರವಾಗಿಲ್ಲ. ಮಳೆ ಬಿದ್ದರೆ ಸ್ಪೈಕ್ ಹೂತುಕೊಳ್ಳುತ್ತದೆ, ಪ್ರತಿ ಹೆಜ್ಜೆಯನ್ನೂ ಕಿತ್ತು ತೆಗೆಯಬೇಕು. ಮಳೆಗಾಲದಲ್ಲಿ ನಮ್ಮ ಮಣ್ಣಿನ ಟ್ರ್ಯಾಕಿನಲ್ಲಿ ಓಡಿದವರಿಗೆ ಇದರ ಕಷ್ಟ ಗೊತ್ತು.

1920ರ ಎಎಎ ಕೂಟದ 880 ಗಜದಲ್ಲಿ ದಕ್ಷಿಣ ಆಫ್ರಿಕಾದ ಬೆವಿಲ್ ರಡ್ ಹಿಲ್ ಅವರನ್ನು ಸೋಲಿಸಿದರು. ಒಲಿಂಪಿಕ್ಸ್‌ಗೆ ಕೆಲವೇ ವಾರ ಇದ್ದವು. ಇಂಥ ಸೋಲು ಬಂದಾಗ 31 ವರ್ಷದವರ ಬಗ್ಗೆ ಜನ ಏನು ಮಾತಾಡುತ್ತಾರೆ ಅನ್ನುವುದು ನಿಮಗೆ ಗೊತ್ತೇ ಇದೆ. ವಯಸ್ಸಾಯಿತು, ಇನ್ನು ಸಾಕು.

ಆಂಟ್ವರ್ಪ್ ಯುದ್ಧದಿಂದ ನಲುಗಿದ ದೇಶದ ಊರು. ಊರು ಚೇತರಿಸಿಕೊಳ್ಳುವ ಮೊದಲೇ ಒಲಿಂಪಿಕ್ಸ್ ಬಂದಿತ್ತು. ಐದು ಉಂಗುರದ ಧ್ವಜ ಒಲಿಂಪಿಕ್ಸ್‌ನಲ್ಲಿ ಮೊದಲು ಹಾರಿದ್ದು ಅಲ್ಲೇ. ಆಟಗಾರರ ಪ್ರಮಾಣವಚನ ಮೊದಲು ಓದಿದ್ದೂ ಅಲ್ಲೇ. ಸೋತ ದೇಶಗಳಾದ ಜರ್ಮನಿ, ಆಸ್ಟ್ರಿಯಾ, ಹಂಗೇರಿ, ಬಲ್ಗೇರಿಯಾ, ಟರ್ಕಿಗೆ ಕರೆ ಹೋಗಿರಲಿಲ್ಲ. ಟ್ರ್ಯಾಕ್‌ನ ಒಂದು ಸುತ್ತು ಇವತ್ತಿನ 400 ಮೀಟರ್ ಅಲ್ಲ, 389.80 ಮೀಟರ್. ಹಾಗಾಗಿ 800 ಮೀಟರ್ ಅಂದರೆ ಎರಡು ಸುತ್ತು ಮುಗಿದ ಮೇಲೂ ಇನ್ನೂ 20 ಮೀಟರ್ ಓಡಬೇಕು. ಅದೂ ಮಳೆಗೆ ನೆಂದು ಮೆತ್ತಗಾದ ಟ್ರ್ಯಾಕ್.

ಈಗ ದಿನಗಳನ್ನು ಬೆರಳು ಮಡಿಚಿ ಎಣಿಸಿ. ಆಗಸ್ಟ್ 15, 800 ಮೀಟರ್ ಹೀಟ್ಸ್, ಅಂದರೆ ಮೊದಲ ಹಂತದ ಆಯ್ಕೆ ಓಟ. 16, ಸೆಮಿಫೈನಲ್. 17, ಫೈನಲ್. 18, 1500 ಮೀಟರ್ ಹೀಟ್ಸ್. 19, ಫೈನಲ್. ಐದು ದಿನ, ಐದು ಓಟ, ನಡುವೆ ಒಂದು ದಿನವೂ ಬಿಡುವಿಲ್ಲ. ನಿಮ್ಮಲ್ಲಿ ಎರಡು ದಿನದ ಜಿಲ್ಲಾ ಕೂಟದಲ್ಲಿ 800, 1500 ಎರಡನ್ನೂ ಓಡಿದವರು ಇದ್ದೀರಿ. ಎರಡನೇ ದಿನ ಬೆಳಿಗ್ಗೆ ಮೆಟ್ಟಿಲು ಇಳಿಯುವಾಗ ಗೋಡೆ ಹಿಡಿದುಕೊಂಡಿರುತ್ತೀರಿ. ಹಿಲ್‌ಗೆ ಅಂಥ ಬೆಳಿಗ್ಗೆ ಒಂದರ ಹಿಂದೆ ಒಂದು ನಾಲ್ಕು ಬಂದವು.

17ರ ಫೈನಲ್‌ನಲ್ಲಿ ರಡ್ ಇದ್ದರು, ಅಮೆರಿಕದ ಅರ್ಲ್ ಎಬಿ ಇದ್ದರು. ಕೊನೆಯ ಸ್ಟ್ರೇಟ್‌ನಲ್ಲಿ ಹಿಲ್ ಎಲ್ಲರನ್ನೂ ಹಿಂದೆ ಹಾಕಿದರು. ಎಬಿ ಎರಡನೆಯವರು, ರಡ್ ಮೂರನೆಯವರು. 1:53.4 ಹೊಸ ಬ್ರಿಟಿಷ್ ದಾಖಲೆ. ಕೆಲವೇ ವಾರಗಳ ಹಿಂದೆ ತಮ್ಮನ್ನು ಸೋಲಿಸಿದ್ದ ರಡ್ ಈಗ ಎರಡು ಸ್ಥಾನ ಹಿಂದೆ. ರಡ್ ಅವರೂ ಬರಿಗೈಯಲ್ಲಿ ಹೋಗಲಿಲ್ಲ. ಮೂರು ದಿನ ಬಿಟ್ಟು 400 ಮೀಟರ್ ಚಿನ್ನ ಗೆದ್ದರು.

1500 ಮೀಟರ್ ಫೈನಲ್ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ನನಗೆ ಇಷ್ಟವಾದ ಓಟ ಅದು. ಗೆಲ್ಲುವವರು ಯಾರು ಅಂದರೆ ಎಲ್ಲರೂ ಹೇಳುತ್ತಿದ್ದ ಹೆಸರು ಅಮೆರಿಕದ ಜೋಯಿ ರೇ. ಬ್ರಿಟನ್ ಕಡೆಯಿಂದ ಹಿಲ್ ಜೊತೆ ಓಡಿದವರು ತಂಡದ ಕ್ಯಾಪ್ಟನ್ ಫಿಲಿಪ್ ಬೇಕರ್. ಅವರೂ 1889ರಲ್ಲೇ ಹುಟ್ಟಿದವರು, ಹಿಲ್‌ಗಿಂತ ಏಳು ತಿಂಗಳು ಚಿಕ್ಕವರು. ಆದರೆ ಬೆಳೆದ ಮನೆ ಬೇರೆ. ಕೇಂಬ್ರಿಜ್‌ನಲ್ಲಿ ಓದಿದವರು. ಕ್ವೇಕರ್ ಪಂಥದವರು, ಅಂದರೆ ಯುದ್ಧವೇ ತಪ್ಪು ಎಂದು ನಂಬಿದವರು. ಯುದ್ಧದಲ್ಲಿ ಬಂದೂಕು ಹಿಡಿಯದೆ ಗಾಯಾಳುಗಳನ್ನು ಸಾಗಿಸುವ ಆಂಬುಲೆನ್ಸ್ ಕೆಲಸ ಮಾಡಿದರು. 1912ರಲ್ಲಿ ಜ್ಯಾಕ್ಸನ್ 1500 ಮೀಟರ್ ಗೆದ್ದಾಗಲೂ ಅದೇ ಓಟದಲ್ಲಿ ಬೇಕರ್ ಇದ್ದರು, ಜ್ಯಾಕ್ಸನ್‌ಗೆ ನೆರವಾಗಿ ಓಡಿದ್ದರು.

ಒಬ್ಬರು ರೈಲ್ವೆ ಕೆಲಸಗಾರ, ಒಬ್ಬರು ಕೇಂಬ್ರಿಜ್ ಪದವೀಧರ. ಒಬ್ಬರು ಸೈನ್ಯದ ವೈರ್‌ಲೆಸ್ ಹಿಡಿದವರು, ಒಬ್ಬರು ಸೈನ್ಯವೇ ಬೇಡ ಎಂದವರು. ಟ್ರ್ಯಾಕ್ ಮೇಲೆ ಇಬ್ಬರೂ ಜೊತೆಯಾಗಿ ಯೋಚಿಸಿ ಓಡಿದರು. ನೆಂದ ಟ್ರ್ಯಾಕಿನಲ್ಲಿ ದಾಖಲೆಯ ಮಾತೇ ಇರಲಿಲ್ಲ, ಗೆಲ್ಲುವುದಷ್ಟೇ ಮುಖ್ಯ. ರೇ ಹಿಂದೆ ಬಿದ್ದರು. ಹಿಲ್ 4 ನಿಮಿಷ 1.8 ಸೆಕೆಂಡಿನಲ್ಲಿ ಗೆರೆ ಮುಟ್ಟಿದರು. ಬೆನ್ನ ಹಿಂದೆಯೇ ಬೇಕರ್, 4:02.4. ಅಮೆರಿಕದ ಲಾರೆನ್ಸ್ ಶೀಲ್ಡ್ಸ್ ಮೂರನೆಯವರು.

ಈ ಬೇಕರ್ ಅವರೇ ಆಮೇಲೆ ಫಿಲಿಪ್ ನೋಯೆಲ್-ಬೇಕರ್ ಎಂದು ಹೆಸರಾದರು. ಬದುಕಿಡೀ ನಿಶ್ಶಸ್ತ್ರೀಕರಣಕ್ಕಾಗಿ ದುಡಿದರು. 1959ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ ಬಂತು. ಒಲಿಂಪಿಕ್ ಪದಕ, ನೊಬೆಲ್ ಪ್ರಶಸ್ತಿ ಎರಡೂ ಇರುವವರು ಅವರೊಬ್ಬರೇ. ಆ ಪದಕ ಹಿಲ್ ಹಿಂದೆ ಓಡಿ ಬಂದ ಬೆಳ್ಳಿ.

800 ಮತ್ತು 1500 ಎರಡೂ ಚಿನ್ನ ಒಂದೇ ಒಲಿಂಪಿಕ್ಸ್‌ನಲ್ಲಿ ಗೆಲ್ಲುವುದು ಎಷ್ಟು ಕಷ್ಟ ಅನ್ನುವುದಕ್ಕೆ ಒಂದು ಮಾತು ಸಾಕು. ಹಿಲ್ ನಂತರ ಗಂಡಸರಲ್ಲಿ ಇದನ್ನು ಮಾಡಿದವರು ನ್ಯೂಜಿಲೆಂಡಿನ ಪೀಟರ್ ಸ್ನೆಲ್ ಒಬ್ಬರೇ, 1964ರ ಟೋಕಿಯೊದಲ್ಲಿ. ಬ್ರಿಟನ್‌ನ ದೊಡ್ಡ ಓಟಗಾರ ಸೆಬಾಸ್ಟಿಯನ್ ಕೋ ಅಂಥವರಿಗೂ ಆಗಲಿಲ್ಲ. 1980, 1984 ಎರಡು ಸಲವೂ 1500ರಲ್ಲಿ ಚಿನ್ನ, 800ರಲ್ಲಿ ಬೆಳ್ಳಿ. ಬ್ರಿಟನ್‌ಗೆ ಆ ಜೋಡಿ ಚಿನ್ನ ಮತ್ತೆ ಸಿಗಲು 84 ವರ್ಷ ಕಾಯಬೇಕಾಯಿತು. 2004ರಲ್ಲಿ ಅಥೆನ್ಸ್‌ನಲ್ಲಿ ಕೆಲ್ಲಿ ಹೋಮ್ಸ್ ಗೆದ್ದರು. ಅವರಿಗೆ ಆಗ 34 ವರ್ಷ. ಅವರೂ ಸೈನ್ಯದಲ್ಲಿದ್ದು ಬಂದವರು.

ಈಗ ನಮ್ಮ ಊರಿಗೆ ಬರುತ್ತೇನೆ. ಈ ಮಾತನ್ನು ಬೆಳಗಾವಿಯಲ್ಲಿ ನಿಂತು ಹೇಳಬೇಕು ಅಂತ ನನಗೆ ಬಹಳ ದಿನದಿಂದ ಆಸೆ ಇತ್ತು.

ಹಿಲ್ ಚಿನ್ನ ಗೆದ್ದ ಆಂಟ್ವರ್ಪ್‌ನಲ್ಲಿ ನಮ್ಮ ಬೆಳಗಾವಿಯ ಓಟಗಾರರೊಬ್ಬರು ಓಡಿದ್ದಾರೆ. ಹೆಸರು ಫಡೆಪ್ಪ ದರೆಪ್ಪ ಚೌಗುಲೆ. ಭಾರತ ಮೊದಲ ಸಲ ಒಲಿಂಪಿಕ್ಸ್‌ಗೆ ತಂಡ ಕಳಿಸಿದ್ದು ಆ 1920ರಲ್ಲೇ. ಅದರ ಹಿಂದಿನ ವರ್ಷ ಪುಣೆಯ ಡೆಕ್ಕನ್ ಜಿಮ್ಖಾನಾದ ಕೂಟದಲ್ಲಿ ರೈತಾಪಿ ಹುಡುಗರು ಬರಿಗಾಲಿನಲ್ಲಿ ದೂರದ ಓಟ ಓಡುವುದನ್ನು ದೊರಾಬ್ಜಿ ಟಾಟಾ ನೋಡಿದ್ದರು. ಸರಿಯಾದ ತರಬೇತಿಯೇ ಇಲ್ಲದೆ ಇಷ್ಟು ಚೆನ್ನಾಗಿ ಓಡುತ್ತಾರಲ್ಲ ಎಂದು ಅವರಿಗೆ ಅನ್ನಿಸಿತು. ಅವರ ಓಡಾಟದಿಂದ, ಅವರ ಹಣದ ನೆರವಿನಿಂದ ಆ ಚಿಕ್ಕ ತಂಡ ಹಡಗು ಹತ್ತಿತು. ಕೆಲವರು ಓಟಗಾರರು, ಇಬ್ಬರು ಕುಸ್ತಿಪಟುಗಳು. ನಮ್ಮ ಈ ಭಾಗಕ್ಕೆ ಕುಸ್ತಿ ಹೊಸದಲ್ಲ, ಗರಡಿಮನೆ ಇಲ್ಲದ ಊರಿಲ್ಲ. ಓಟ ಒಂದು ಕ್ರೀಡೆ ಎಂದು ಹಡಗು ಹತ್ತಿ ಹೋಗುವುದು ಮಾತ್ರ ಹೊಸದು.

ಆಗಸ್ಟ್ 22ರಂದು ಮ್ಯಾರಥಾನ್. ಚಳಿ, ಮಳೆ. ದೂರ ಕೂಡ ಈಗಿನ 42.195 ಕಿಲೋಮೀಟರ್ ಅಲ್ಲ, 42.75 ಕಿಲೋಮೀಟರ್. ಅರ್ಧ ಕಿಲೋಮೀಟರ್ ಜಾಸ್ತಿ. ಫಿನ್ಲೆಂಡಿನ ಹಾನ್ನೆಸ್ ಕೊಲೆಮೈನೆನ್ ಗೆದ್ದರು. ನಮ್ಮ ಚೌಗುಲೆ 2 ಗಂಟೆ 50 ನಿಮಿಷ 45 ಸೆಕೆಂಡಿನಲ್ಲಿ ಮುಗಿಸಿ 19ನೆಯವರಾದರು. ಇಲ್ಲಿ ಮ್ಯಾರಥಾನ್ ಓಡುವ ಅಣ್ಣಂದಿರು ಇದ್ದೀರಿ. ಇವತ್ತಿನ ಶೂ, ಇವತ್ತಿನ ಜೆಲ್, ಕೈಗೆ ವಾಚು, ದಾರಿಯುದ್ದಕ್ಕೂ ನೀರು, ಇಷ್ಟೆಲ್ಲ ಇದ್ದೂ 2:50 ಎಷ್ಟು ಜನಕ್ಕೆ ಆಗಿದೆ? ನೂರು ವರ್ಷದ ಹಿಂದೆ, ಅರ್ಧ ಕಿಲೋಮೀಟರ್ ಜಾಸ್ತಿ ಓಡಿ, ಗೊತ್ತಿಲ್ಲದ ಊರಿನ ಮಳೆಯಲ್ಲಿ ನೆಂದು, ನಮ್ಮ ಬೆಳಗಾವಿಯವರು ಅದನ್ನು ಮಾಡಿದರು. ಈ ಹೆಸರು ನಮ್ಮ ಮಕ್ಕಳಿಗೆ ಗೊತ್ತಿರಬೇಕು.

ಅದೇ 22ನೇ ತಾರೀಕು, ಅದೇ ಕ್ರೀಡಾಂಗಣದಲ್ಲಿ 3000 ಮೀಟರ್ ತಂಡದ ಓಟದ ಫೈನಲ್ ಕೂಡ ಇತ್ತು. ಬ್ರಿಟನ್ ತಂಡದಲ್ಲಿ ಹಿಲ್ ಇದ್ದರು. ಬೆಳ್ಳಿ ಬಂತು. ಎರಡು ಚಿನ್ನದ ಮೇಲೆ ಒಂದು ಬೆಳ್ಳಿ.

ಮುಂದಿನ ವರ್ಷ ಹಿಲ್‌ಗೆ 32. ಎಎಎ ಕೂಟದ ಮೈಲಿ ಓಟ, ಲಂಡನ್ನಿನ ಸ್ಟ್ಯಾಮ್‌ಫರ್ಡ್ ಬ್ರಿಜ್. 4 ನಿಮಿಷ 13.8 ಸೆಕೆಂಡು. ಬಿಂಕ್ಸ್ ಜೊತೆ ಹಂಚಿಕೊಂಡಿದ್ದ ಬ್ರಿಟಿಷ್ ದಾಖಲೆಯನ್ನು ಮೂರು ಸೆಕೆಂಡು ಕೆಳಗೆ ಇಳಿಸಿದರು. ಆಗಿನ ವಿಶ್ವದಾಖಲೆ ಅಮೆರಿಕದ ನಾರ್ಮನ್ ಟೇಬರ್ ಅವರ 4:12.6. ಅದಕ್ಕೂ ಹಿಲ್ ಓಟಕ್ಕೂ ಇದ್ದ ಅಂತರ ಒಂದು ಸೆಕೆಂಡು ಮತ್ತು ಚೂರು. ಕಾಲು ಮೈಲಿಗೆ ಸರಾಸರಿ ಅರವತ್ಮೂರೂವರೆ ಸೆಕೆಂಡಿನ ಹಾಗೆ ನಾಲ್ಕು ಸಲ. ನನ್ನ ಪ್ರಕಾರ ಹಿಲ್ ಅವರ ಅತ್ಯುತ್ತಮ ಓಟ ಆಂಟ್ವರ್ಪ್‌ನದಲ್ಲ, ಇದು. ಒಣ ಟ್ರ್ಯಾಕು, ಮೈಯಲ್ಲಿ ಹಳೆಯ ಓಟದ ಆಯಾಸ ಇಲ್ಲ, ತಲೆಯಲ್ಲಿ ಮುಸಾಬಿನಿಯ ಗಡಿಯಾರ. 4 ಮೈಲಿ ಗೆದ್ದ ಹುಡುಗನ ದಮ್ಮು, ಅರ್ಧ ಮೈಲಿ ಓಟಗಾರನ ವೇಗ, ಎರಡೂ ಒಂದೇ ಓಟದಲ್ಲಿ ಕೂಡಿ ಬಂದದ್ದು ಆ ದಿನ.

ಅಲ್ಲಿಗೆ ಓಟ ನಿಲ್ಲಿಸಿದರು. ಆಮೇಲೆ ಕೋಚ್ ಆದರು. ಆಗಿನ ನಿಯಮದಲ್ಲಿ ದುಡ್ಡಿಗೆ ಕಲಿಸಲು ಶುರು ಮಾಡಿದರೆ ಮತ್ತೆ ಓಡುವ ಹಾಗಿರಲಿಲ್ಲ. ಬಾಗಿಲು ಒಂದೇ ಕಡೆಗೆ ತೆರೆಯುತ್ತಿತ್ತು.

ಅವರ ಕೈಯಲ್ಲಿ ಬೆಳೆದವರಲ್ಲಿ ದೊಡ್ಡ ಹೆಸರು ಸಿಡ್ನಿ ವುಡರ್ಸನ್. ಫೋಟೊ ನೋಡಿದರೆ ಓಟಗಾರ ಅಂತ ಯಾರೂ ನಂಬುವುದಿಲ್ಲ. ಕುಳ್ಳಗೆ, ತೆಳ್ಳಗೆ, ಕಣ್ಣಿಗೆ ಕನ್ನಡಕ, ವಕೀಲರ ಕಚೇರಿಯಲ್ಲಿ ಕೆಲಸ. ಹಿಲ್ ಆ ಹುಡುಗನಲ್ಲಿ ಏನು ಕಂಡರೋ, ಬಿಡಲಿಲ್ಲ. 1937ರ ಆಗಸ್ಟ್ 28ರಂದು ಲಂಡನ್ ಹತ್ತಿರದ ಮಾಟ್ಸ್‌ಪರ್ ಪಾರ್ಕ್‌ನಲ್ಲಿ ವುಡರ್ಸನ್ ಮೈಲಿಯನ್ನು 4 ನಿಮಿಷ 6.4 ಸೆಕೆಂಡಿನಲ್ಲಿ ಓಡಿ ವಿಶ್ವದಾಖಲೆ ಮಾಡಿದರು. ಅದು ಹ್ಯಾಂಡಿಕ್ಯಾಪ್ ಓಟ. ಉಳಿದವರನ್ನು ಅವರವರ ಶಕ್ತಿಗೆ ತಕ್ಕಂತೆ ಮುಂದೆ ನಿಲ್ಲಿಸಿದ್ದರು. ವುಡರ್ಸನ್ ಎಲ್ಲರ ಹಿಂದಿನಿಂದ ಒಬ್ಬೊಬ್ಬರನ್ನೇ ಹಿಡಿದುಕೊಂಡು ಬಂದರು. ಗುರುವಿಗೆ ಒಂದು ಸೆಕೆಂಡಿನಲ್ಲಿ ತಪ್ಪಿದ್ದ ಮೈಲಿ ವಿಶ್ವದಾಖಲೆ ಶಿಷ್ಯನ ಕೈಗೆ ಬಂತು. ಮುಂದಿನ ವರ್ಷ 800 ಮೀಟರ್ ಮತ್ತು 880 ಗಜದ ವಿಶ್ವದಾಖಲೆಗಳೂ ಅವರವೇ ಆದವು.

ಎರಡನೇ ಮಹಾಯುದ್ಧದ ನಂತರ ಹಿಲ್ ಕೆನಡಾಕ್ಕೆ ಹೋದರು. 1969ರ ಜನವರಿ 8ರಂದು ಒಂಟಾರಿಯೊದ ಲಂಡನ್ ಎಂಬ ಊರಿನಲ್ಲಿ ತೀರಿಕೊಂಡರು. ಹುಟ್ಟಿದ್ದು ಒಂದು ಲಂಡನ್ನಿನಲ್ಲಿ, ಕಣ್ಣು ಮುಚ್ಚಿದ್ದು ಇನ್ನೊಂದು ಲಂಡನ್ನಿನಲ್ಲಿ.

ನನ್ನ ಮಾತು ಇಷ್ಟು. ಏನಾದರೂ ಕೇಳುವುದಿದ್ದರೆ ಕೇಳಿ.

(ಪಿಯುಸಿ ಓದುವ ಒಬ್ಬ ಹುಡುಗಿ ಎದ್ದು ನಿಂತು, "ಸರ್, 1937 ಅಂದ್ರೆ ಮತ್ತೆ ಯುದ್ಧ ಬಂತಲ್ರೀ. ಆ ಕನ್ನಡಕದವರು ಏನಾದರು?" ಎಂದು ಕೇಳಿದಳು. ಮಾತಿನಲ್ಲಿ ನಾನು ಬಿಟ್ಟಿದ್ದನ್ನು ಅವಳು ಸರಿಯಾಗಿ ಹಿಡಿದಿದ್ದಳು. ನಾನು ಕೊಟ್ಟ ಉತ್ತರ ಇದು.)

ಬಹಳ ಒಳ್ಳೆಯ ಪ್ರಶ್ನೆ ಕೇಳಿದೆಯಮ್ಮ. ಗುರುವಿಗೆ ಆದದ್ದೇ ಶಿಷ್ಯನಿಗೂ ಆಯಿತು. 1940, 1944ರ ಒಲಿಂಪಿಕ್ಸ್ ನಡೆಯಲಿಲ್ಲ. 25ರಿಂದ 30 ವರ್ಷದ ಆ ಒಳ್ಳೆಯ ಕಾಲ ಯುದ್ಧಕ್ಕೇ ಹೋಯಿತು. ಅದರ ಮೇಲೆ ರುಮ್ಯಾಟಿಕ್ ಜ್ವರ ಬಂದು ವುಡರ್ಸನ್ ಆಸ್ಪತ್ರೆಯಲ್ಲಿ ಮಲಗಿದರು. ಆದರೂ ಮತ್ತೆ ಓಡಲು ಬಂದರು. 1946ರ ಆಗಸ್ಟ್‌ನಲ್ಲಿ ಓಸ್ಲೊದಲ್ಲಿ ಯುರೋಪಿಯನ್ ಚಾಂಪಿಯನ್‌ಶಿಪ್. ಈ ಸಲ 5000 ಮೀಟರ್. ಓಡುವವರಲ್ಲಿ, ಮುಂದೆ ದೂರದ ಓಟದಲ್ಲಿ ಬಲು ದೊಡ್ಡ ಹೆಸರಾದ ಎಮಿಲ್ ಜಾಟೊಪೆಕ್ ಕೂಡ ಇದ್ದರು, ಆಗಿನ್ನೂ ಹೊಸ ಹುಡುಗ. ಜಾಟೊಪೆಕ್ ಐದನೆಯವರಾದರು. ವುಡರ್ಸನ್ 14 ನಿಮಿಷ 8.6 ಸೆಕೆಂಡಿನಲ್ಲಿ ಎಲ್ಲರಿಗಿಂತ ಮೊದಲು ಗೆರೆ ಮುಟ್ಟಿದರು. ಆ ದಿನ ಅವರ ವಯಸ್ಸು ಎಷ್ಟು ಗೊತ್ತಾ? 31.